ಹತ್ತನೆಯ ದೀಪಸ್ತಂಭದ ಅಜ್ಜಿ

ಮಧ್ಯಾಹ್ನ ಒಂದೂಮುಕ್ಕಾಲಿಗೆ ಇಂಚರಾ ಮಲಗಿದಳೆಂದರೆ ಆ ಮನೆಯಲ್ಲಿ ಎಲ್ಲವೂ ತುದಿಗಾಲಲ್ಲಿ ನಡೆಯಬೇಕು. ಫ್ರಿಜ್ಜಿನ ಬಾಗಿಲು ಮುಚ್ಚುವಾಗ ಬೆರಳು ಅಡ್ಡ ಇಟ್ಟು ಮೆಲ್ಲಗೆ ಬಿಡಬೇಕು. ಕುಕ್ಕರ್ ಅಂತೂ ಆ ಹೊತ್ತಿನಲ್ಲಿ ಒಲೆಯ ಹತ್ತಿರ ಸುಳಿಯುವಂತಿಲ್ಲ. ಕರೆಗಂಟೆಯ ಪಕ್ಕದಲ್ಲಿ ‘ಮಗು ಮಲಗಿದೆ, ಬೆಲ್ ಒತ್ತಬೇಡಿ’ ಎಂದು ಹಿಂದಿಯಲ್ಲಿ ಬರೆದು ಅಂಟಿಸಿದ ಚೀಟಿಯಿದೆ. ಕೊರಿಯರ್ ಭಯ್ಯಾ ಅದನ್ನು ಶ್ರದ್ಧೆಯಿಂದ ಓದುತ್ತಾನೆ. ಓದಿ, ಬೆಲ್ ಒತ್ತದೆ, ಬಾಗಿಲನ್ನು ದಬದಬ ಬಡಿಯುತ್ತಾನೆ.

ದೆಹಲಿಯ ಮಯೂರ್ ವಿಹಾರದ ಒಂದು ವಸತಿ ಸೊಸೈಟಿಯ ಮೂರನೇ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಹಾಕಿದ ಬೆತ್ತದ ಕುರ್ಚಿಯಲ್ಲಿ, ಹದಿನಾಲ್ಕು ತಿಂಗಳ ಮಗಳನ್ನು ಎಡತೋಳಿನ ಮೇಲೆ ಮಲಗಿಸಿಕೊಂಡು ಧಾರಿಣಿ ಅಲುಗಾಡದೆ ಕೂತಿರುತ್ತಾಳೆ. ಹಾಸಿಗೆಗೆ ಇಳಿಸಿದರೆ ಇಂಚರಾ ಎದ್ದುಬಿಡುತ್ತಾಳೆ. ತೊಟ್ಟಿಲಿಗೆ ಇಳಿಸಿದರೆ ಇನ್ನೂ ಬೇಗ. ಹಾಗಾಗಿ ತೋಳೇ ತೊಟ್ಟಿಲು. ಬಲಗೈಯಲ್ಲಿ ಫೋನು, ಫೋನಿನಲ್ಲಿ ಅನಿಮೆ ಎಂಬ ಜಪಾನಿನ ಕಾರ್ಟೂನು, ದನಿ ಪೂರ್ತಿ ಬಂದ್, ಮಾತೆಲ್ಲ ಕೆಳಗಿನ ಇಂಗ್ಲಿಷ್ ಸಾಲುಗಳಲ್ಲಿ. ಇಯರ್‌ಫೋನ್ ಹಾಕಿಕೊಳ್ಳಬಹುದಲ್ಲ ಎಂದು ಗಂಡ ಗಗನ್ ಎಷ್ಟೋ ಸಲ ಹೇಳಿದ್ದಾನೆ.

“ಹಾಕ್ಕೊಂಡ್ರೆ ಇವಳು ಉಸಿರಾಡೋದು ಕೇಳಿಸಲ್ಲ” ಎನ್ನುತ್ತಾಳೆ ಧಾರಿಣಿ.

ಹದಿನಾಲ್ಕು ತಿಂಗಳಲ್ಲಿ ಆ ಉಸಿರು ಒಂದು ಸಲವೂ ತಪ್ಪಿಲ್ಲ. ತಾನು ಕೇಳಿಸಿಕೊಳ್ಳುತ್ತಿರುವುದರಿಂದಲೇ ಅದು ತಪ್ಪಿಲ್ಲ ಎಂಬುದು ಅವಳ ಒಳಗಿನ ನಂಬಿಕೆ. ಮಗು ಹುಟ್ಟಿದ್ದು ದೀಪಾವಳಿಯ ಮಾರನೇ ವಾರ, ದೆಹಲಿಯ ಆಕಾಶ ಬೂದಿ ಬಣ್ಣಕ್ಕೆ ತಿರುಗಿದ್ದಾಗ. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಗಾಳಿ ಎಷ್ಟು ಕೆಟ್ಟಿದೆ ಎಂದು ಫೋನಿನಲ್ಲಿ ನೋಡುವುದು, ಗಾಳಿ ಶುದ್ಧಿ ಮಾಡುವ ಯಂತ್ರದ ಹಸಿರು ದೀಪ ನೋಡುವುದು, ಆಮೇಲೆ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿಯುವುದು. ಈ ಮೂರೂ ಆದ ಮೇಲೇ ಅವಳ ಹಲ್ಲುಜ್ಜುವ ಕೆಲಸ.

ಧಾರಿಣಿ ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಮದುವೆಯಾಗಿ ಬಂದ ಮೇಲೆ ನೋಯ್ಡಾದ ಒಂದು ಕಂಪನಿಗೆ ಜಾಹೀರಾತಿನ ಸಾಲುಗಳನ್ನು ಬರೆಯುತ್ತಿದ್ದಳು. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಬಿಟ್ಟ ಮೇಲೆ ಗೊತ್ತಾದದ್ದು, ಅವಳ ಹೆಸರೂ ಅದರ ಜೊತೆಗೇ ಹೋಗಿದೆ ಎಂದು. ಗೇಟಿನ ಕಾವಲುಗಾರನಿಗೆ ಅವಳು ‘ಇಂಚರಾ ಕೀ ಮಮ್ಮಿ’. ಮಕ್ಕಳ ಡಾಕ್ಟರಿಗೆ ಬರೀ ‘ಮಮ್ಮಿ’. ಗಗನ್ ಕೂಡ ಮಗಳ ಎದುರು ಕರೆದು ಕರೆದು ರೂಢಿಯಾಗಿ, ಒಂದು ದಿನ ಫೋನಿನಲ್ಲಿ ‘ಅಮ್ಮಾ, ಹಾಲು ತರಲಾ’ ಎಂದಿದ್ದ.

ಆ ಹೆಸರನ್ನು ವಾಪಸ್ಸು ಕೊಟ್ಟವರು ಏಕನಾಥರು. ಲಕ್ಷ್ಮೀ ನಗರದಲ್ಲಿ ಒಬ್ಬರೇ ಇರುವ ಎಪ್ಪತ್ತೆರಡರ ಹಿರಿಯರು, ಒಂದು ಸಚಿವಾಲಯದ ಅನುವಾದ ವಿಭಾಗದಿಂದ ನಿವೃತ್ತರಾದವರು. ‘ಯಮುನೆಯಾಚೆ’ ಎಂಬ ಮಾಸಪತ್ರಿಕೆಯನ್ನು ತಾವೇ ಟೈಪು ಮಾಡಿ ನಾನೂರು ಕನ್ನಡ ಮನೆಗಳಿಗೆ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಮೂವತ್ತೈದು ವರ್ಷ ಕಡತಗಳ ಮೇಲೆ ಬರೆದ ಕೈ. ಹಾಗಾಗಿ ಪತ್ರಿಕೆಯ ಪ್ರತಿ ಬರಹದ ಕೆಳಗೂ ‘ಪರಿಶೀಲಿಸಲಾಗಿದೆ – ಏ.’ ಎಂದು ಇರಲೇಬೇಕು. ಶ್ರದ್ಧಾಂಜಲಿಯ ಕೆಳಗೂ ಇರುತ್ತದೆ. ಹಾಗಲಕಾಯಿ ಗೊಜ್ಜಿನ ವಿಧಾನದ ಕೆಳಗೂ ಇರುತ್ತದೆ. ಅದನ್ನು ಮಾತ್ರ ಅವರು ನಿಜವಾಗಿ ಮಾಡಿ, ತಿಂದು, ಎರಡು ದಿನ ಬಿಟ್ಟು ಸಹಿ ಹಾಕಿದ್ದರಂತೆ.

“ಏನಾದರೂ ಬರೀರಮ್ಮಾ, ಇಡೀ ದಿನ ಏನು ನೋಡ್ತೀರೋ ಅದನ್ನೇ ಬರೀರಿ” ಎಂದಿದ್ದರು ಅವರು, ರಾಜ್ಯೋತ್ಸವದ ಊಟದ ಸಾಲಿನಲ್ಲಿ. ಧಾರಿಣಿ ಇಡೀ ದಿನ ನೋಡುತ್ತಿದ್ದದ್ದು ಮಗಳನ್ನು, ಮತ್ತು ಮಗಳು ಮಲಗಿದಾಗ ಅನಿಮೆಯನ್ನು. ಹಾಗೆ ಶುರುವಾದದ್ದು ‘ದನಿ ಇಲ್ಲದೆ ನೋಡಿದ್ದು’ ಎಂಬ ಅಂಕಣ.

ನೂರ ಮೂವತ್ತು ಕಂತುಗಳ ಒಂದು ಹಳೆಯ ಹೊಡೆದಾಟದ ಸರಣಿಯ ಬಗ್ಗೆ ಅವಳು ಬರೆದಳು: ‘ನಾಯಕ ಮುಷ್ಟಿ ಎತ್ತಿದ್ದು ಸೋಮವಾರ. ಅದು ಖಳನ ದವಡೆಗೆ ತಾಗಿದ್ದು ಶುಕ್ರವಾರ. ನಡುವೆ ಅವರಿಬ್ಬರೂ ಬಾಲ್ಯ ನೆನೆಸಿಕೊಂಡರು, ನಾನು ರಾಜ್ಮಾ ನೆನೆಸಿದೆ. ರಾಜ್ಮಾ ಮೊದಲು ಬೆಂದಿತು.’ ದೈತ್ಯ ಯಂತ್ರಗಳ ಸರಣಿಯೊಂದಕ್ಕೆ: ‘ಹನ್ನೆರಡು ವರ್ಷದ ಮಕ್ಕಳನ್ನು ಇಪ್ಪತ್ತು ಮಹಡಿ ಎತ್ತರದ ಯಂತ್ರದೊಳಗೆ ಕೂರಿಸಿ ಯುದ್ಧಕ್ಕೆ ಕಳಿಸುತ್ತಾರೆ. ಒಬ್ಬ ತಾಯಿಯೂ ಊಟ ಆಯ್ತಾ, ಸ್ವೆಟರ್ ಹಾಕ್ಕೊಂಡ್ಯಾ ಎಂದು ಕೇಳುವುದಿಲ್ಲ. ಇದರಲ್ಲಿ ಭಯಾನಕವಾಗಿರುವುದು ಶತ್ರುವಲ್ಲ.’ ಯಾರೂ ಹೆಸರು ಕೇಳದ ಇನ್ನೊಂದು ಪುಟ್ಟ ಸರಣಿಗೆ: ‘ನಾಲ್ವರು ಹುಡುಗಿಯರು ಕೊಡೆ ರಿಪೇರಿಯ ಅಂಗಡಿ ಇಡುತ್ತಾರೆ. ಹನ್ನೆರಡು ಕಂತಿನಲ್ಲಿ ಒಂದು ಹನಿ ಮಳೆ ಬರುವುದಿಲ್ಲ. ಯಾರಿಗೂ ಗಾಬರಿಯಿಲ್ಲ. ಅವರ ಪರವಾಗಿ ನಾನೇ ಗಾಬರಿಯಾದೆ.’ ನಕ್ಷತ್ರ ಕೊಡುವ ಪದ್ಧತಿ ಅವಳದಲ್ಲ. ‘ಒಂದು ನಿದ್ದೆ’, ‘ಎರಡು ನಿದ್ದೆ’ ಎಂದು ಮಗುವಿನ ಲೆಕ್ಕದಲ್ಲೇ ಅಂಕ. ಅತ್ಯುತ್ತಮವಾದದ್ದಕ್ಕೆ, ‘ತೋಳು ಜೋಮು ಹಿಡಿದದ್ದೇ ತಿಳಿಯಲಿಲ್ಲ.’

ಜನ ಓದಿದರು. ಅಂಗಡಿಯಲ್ಲಿ ಸಿಕ್ಕ ಒಬ್ಬ ಹೆಂಗಸು ‘ನೀವು ರಾಜ್ಮಾ ಧಾರಿಣಿ ಅಲ್ವಾ’ ಎಂದು ಕೇಳಿದಾಗ ಅವಳಿಗೆ ಮೈಯಲ್ಲಿ ಬೆಳಕು ಹತ್ತಿದ ಹಾಗಾಗಿತ್ತು. ಮಗುವಿಗೆ ಸಂಬಂಧವಿಲ್ಲದ ಯಾವುದೋ ಒಂದಕ್ಕಾಗಿ ಯಾರೋ ಅವಳ ಹೆಸರು ಹಿಡಿದು ಕರೆದಿದ್ದರು.

ಜನವರಿಯಲ್ಲಿ ಮಂಜು ಬಿತ್ತು. ಕಿಟಕಿಯಾಚೆ ಎದುರಿನ ಬ್ಲಾಕೇ ಇಲ್ಲ. ಯಾರೋ ಅಳಿಸಿಹಾಕಿದ ಹಾಗೆ. ಮಧ್ಯಾಹ್ನವೂ ಬೆಳಗಿನ ಜಾವವೂ ಒಂದೇ ಬಣ್ಣ. ಇಂಚರಾಗೆ ದವಡೆಹಲ್ಲು ಬರುತ್ತಿದ್ದ ವಾರವದು. ತಾಯಿ ಮಗಳು ಇಬ್ಬರಿಗೂ ನೆಟ್ಟಗೆ ಎರಡು ಗಂಟೆ ನಿದ್ದೆಯಿಲ್ಲ. ಆ ವಾರ ಧಾರಿಣಿ ನೋಡಿದ್ದು ‘ಹನ್ನೊಂದು ದೀಪಸ್ತಂಭಗಳು’ ಎಂಬ, ಎಲ್ಲರೂ ಮರೆತ ಒಂದು ಹಳೆಯ ಅನಿಮೆ ಸಿನಿಮಾ. ಹಡಗುಗಳು ಬರುವುದು ನಿಂತುಹೋದ ಒಂದು ಕರಾವಳಿ. ತೀರಿಹೋದ ಅಪ್ಪನ ಕೆಲಸವನ್ನು ಮುಗಿಸಲು ಒಬ್ಬ ಹುಡುಗಿ ಸೈಕಲ್ಲಿನಲ್ಲಿ ಹೊರಟು, ಹನ್ನೊಂದು ದೀಪಸ್ತಂಭಗಳನ್ನು ಒಂದೊಂದಾಗಿ ಹತ್ತಿ ದೀಪ ಆರಿಸುತ್ತಾ ಹೋಗುತ್ತಾಳೆ. ಅಷ್ಟೇ ಕತೆ. ಮೂರು ಮಧ್ಯಾಹ್ನಗಳಲ್ಲಿ ನೋಡಿ, ನಾಲ್ಕನೆಯ ಮಧ್ಯಾಹ್ನ ಒಂದೇ ಬೆರಳಿನಲ್ಲಿ ಟೈಪು ಮಾಡಿ ಕಳಿಸಿದಳು. ಅದರಲ್ಲಿ ಹೀಗೊಂದು ಭಾಗವಿತ್ತು:

‘ಹತ್ತನೆಯ ದೀಪಸ್ತಂಭದಲ್ಲಿ ಒಬ್ಬ ಅಜ್ಜಿಯಿದ್ದಾಳೆ. ಹುಡುಗಿ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರೆ ಅಜ್ಜಿ ಏನೂ ಕೇಳುವುದಿಲ್ಲ. ಸೌಟಿನಲ್ಲಿ ಹರಳೆಣ್ಣೆ ಹಿಡಿದು ದೀಪದ ಬಿಸಿಗೇ ಕಾಯಿಸುತ್ತಾಳೆ. ಎರಡು ಕಾಳುಮೆಣಸು ಹಾಕುತ್ತಾಳೆ. ಹುಡುಗಿಯನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ನೆತ್ತಿಗೆ ಎಣ್ಣೆ ಒತ್ತುತ್ತಾಳೆ, ತಟ್ಟುತ್ತಾಳೆ, ತಟ್ಟುತ್ತಲೇ ಇರುತ್ತಾಳೆ. ಹೊರಗೆ ಸಮುದ್ರ ಹಾಲಿನ ಹಾಗೆ ನಿಂತಿರುತ್ತದೆ. ಆಮೇಲೆ ಅಜ್ಜಿ ಆಡುವುದು ಒಂದೇ ಮಾತು: ನೀನು ಮಲಕ್ಕೋ, ದೀಪ ನಾನು ನೋಡ್ಕೋತೀನಿ.’

ನಾನೂರು ಮನೆಗಳಲ್ಲಿ ಎಷ್ಟು ಮನೆಯ ಹೆಂಗಸರು ಆ ಕೊನೆಯ ಸಾಲನ್ನು ತಮ್ಮ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡರೋ ಲೆಕ್ಕವಿಲ್ಲ. ಕೆಳಗಿನ ಮಹಡಿಯ ಚಿಣ್ಣಮ್ಮ, ನಿವೃತ್ತ ಸುಬೇದಾರರ ಹೆಂಡತಿ, ಮೆಟ್ಟಿಲು ಹತ್ತಿ ಬಂದು, “ಅನಿಮೆ ಗಿನಿಮೆ ನಂಗೆ ಗೊತ್ತಿಲ್ಲ. ಆ ಅಜ್ಜಿ ಮಾತ್ರ ಒಳ್ಳೆಯವಳು” ಎಂದು ಹೇಳಿ ಇಳಿದು ಹೋದರು. ಏಕನಾಥರು ‘ಪರಿಶೀಲಿಸಲಾಗಿದೆ’ಗೆ ನಿಲ್ಲಿಸದೆ ಸಂಪಾದಕೀಯವನ್ನೇ ಬರೆದುಬಿಟ್ಟರು: ‘ನೆತ್ತಿಗೆ ಎಣ್ಣೆ: ಜಪಾನಿಗೂ ನಮಗೂ ಇರುವ ನಂಟು.’ ಅದರ ಕೊನೆಯಲ್ಲಿ, ‘ಸದರಿ ದೃಶ್ಯವನ್ನು ಸ್ವತಃ ವೀಕ್ಷಿಸಿದ್ದು, ಆ ಸಂದರ್ಭದಲ್ಲಿ ಈ ಸಂಪಾದಕನ ಕಣ್ಣುಗಳೂ ತೇವಗೊಂಡವು’ ಎಂದಿತ್ತು.

ಆಮೇಲೆ ಲಾವಣ್ಯಾಳ ಫೋನು ಬಂತು. ಹೌಜ್ ಖಾಸ್ ಹತ್ತಿರದ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಸಂಶೋಧನೆ ಮಾಡುವ ಹುಡುಗಿ, ದಾವಣಗೆರೆಯವಳು. ತಿಂಗಳಿಗೊಮ್ಮೆ ಕನ್ನಡದವರನ್ನು ಸೇರಿಸಿ ಸಿನಿಮಾ ತೋರಿಸುತ್ತಾಳೆ.

“ಅಕ್ಕಾ, ಮುಂದಿನ ಶನಿವಾರ ನಿಮ್ಮ ದೀಪಸ್ತಂಭದ ಸಿನಿಮಾನೇ ಹಾಕ್ತಿದೀವಿ. ನೀವೇ ಬಂದು ಮೊದಲು ಎರಡು ಮಾತಾಡಬೇಕು. ಯಾವಾಗಲೂ ಹದಿನೈದು ಜನ ಬಂದ್ರೆ ಹೆಚ್ಚು, ಈ ಸಲ ನಲವತ್ತು ಹೆಸರು ಬಂದಿದೆ. ಎಲ್ಲಾ ಅಜ್ಜಿಗೋಸ್ಕರ.”

ಧಾರಿಣಿ ಒಪ್ಪಿಕೊಂಡಳು. ಕನ್ನಡಿಯ ಮುಂದೆ ನಿಂತು, ಹೆಗಲ ಮೇಲೆ ಹಾಲಿನ ಕಲೆಯಿಲ್ಲದ ಕುರ್ತಾ ಯಾವುದಿದೆ ಎಂದು ಹುಡುಕಿದಳು. ಎರಡು ದಿನ ಬಿಟ್ಟು ಲಾವಣ್ಯಾ ಮತ್ತೆ ಫೋನು ಮಾಡಿದಳು.

“ಅಕ್ಕಾ, ಒಂದು ವಿಷಯ. ನನ್ನ ಹತ್ರ ಇರೋ ಫೈಲನ್ನ ಎರಡು ಸಲ ನೋಡಿದೆ. ಅಜ್ಜಿ ಸೀನೇ ಇಲ್ಲ. ಕತ್ತರಿ ಹಾಕಿದ ಪ್ರತಿ ಇರಬೇಕು. ನಮ್ಮ ಲ್ಯಾಬಿನಲ್ಲಿ ಜಪಾನಿನವರು ಹರಳೆಣ್ಣೆ ಹಚ್ತಾರಾ ಇಲ್ವಾ ಅಂತ ಬೇರೆ ಜಗಳ. ನೀವು ನಿಮ್ಮ ಪ್ರತೀನ ಪೆನ್‌ಡ್ರೈವಿನಲ್ಲಿ ತಂದುಬಿಡ್ತೀರಾ?”

“ಹೂಂ” ಎಂದಳು ಧಾರಿಣಿ. ಹೂಂ ಎನ್ನುವುದು ಅವಳಿಗೆ ಉಸಿರಾಟದಷ್ಟೇ ಅಭ್ಯಾಸ. ಮಗು ಬಂದ ಮೇಲೆ ಎಲ್ಲರ ಸಲಹೆಗೂ ಅದನ್ನೇ ಅಂದು ಅಂದು.

ಅಂದು ಮಧ್ಯಾಹ್ನ ಇಂಚರಾ ಮಲಗಿದ ಕೂಡಲೇ ಸಿನಿಮಾ ಹಾಕಿದಳು. ಒಂದನೆಯ ದೀಪಸ್ತಂಭ, ಎರಡನೆಯದು. ಏಳನೆಯದರಲ್ಲಿ ಬೆಕ್ಕು. ಒಂಬತ್ತನೆಯದರಲ್ಲಿ ಕಿಟಕಿಯ ಗಾಜು ಒಡೆದಿರುವುದು. ಹತ್ತನೆಯದು ಬಂತು. ಹುಡುಗಿ ಮೆಟ್ಟಿಲು ಹತ್ತಿದಳು. ಮೇಲೆ ಖಾಲಿ ಕೋಣೆ. ಉರಿಯುತ್ತಿದ್ದ ದೀಪ ಆರಿಸಿದಳು. ಒಂದು ಕ್ಷಣ ನಿಂತಳು. ಇಳಿದು ಹೋದಳು. ಎಲ್ಲ ಸೇರಿ ನಲವತ್ತು ಸೆಕೆಂಡು.

ಧಾರಿಣಿ ಹಿಂದಕ್ಕೆ ಎಳೆದು ನೋಡಿದಳು. ಖಾಲಿ ಕೋಣೆ. ಮತ್ತೆ ಎಳೆದಳು. ಖಾಲಿ ಕೋಣೆ. ಸೌಟು ನೆನಪಾಯಿತು ಅವಳಿಗೆ, ಹಿಡಿ ಸ್ವಲ್ಪ ಎಡಕ್ಕೆ ಸೊಟ್ಟಗಿದ್ದ ಆ ಸೌಟು. ಅದು ಮೈಸೂರಿನ ತಾಯಿಯ ಮನೆಯ ಒಗ್ಗರಣೆ ಸೌಟು. ಜಪಾನಿನ ದೀಪಸ್ತಂಭಕ್ಕೆ ಅದು ಯಾವ ದಾರಿಯಿಂದ ಹೋಯಿತು?

ಬಾಣಂತನಕ್ಕೆ ಬರುತ್ತೇನೆಂದಿದ್ದ ಅಮ್ಮ ಹೊರಡುವ ಹಿಂದಿನ ದಿನ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಇಲ್ಲಿ ಮಗುವಿಗೆ ಎಣ್ಣೆ ತಿಕ್ಕಲು ಮಾಲಿಶ್‌ನವಳು ದಿನವೂ ಬಂದಳು. ತಾಯಿಯ ನೆತ್ತಿಯನ್ನು ಯಾರೂ ಮುಟ್ಟಲಿಲ್ಲ. ಆಗ ಅದೊಂದು ದೊಡ್ಡ ವಿಷಯ ಎಂದೂ ಅವಳಿಗೆ ಅನ್ನಿಸಿರಲಿಲ್ಲ. ಮಗುವಿನ ಉಸಿರು ಎಣಿಸುವುದರಲ್ಲಿ ಬಿಡುವೇ ಇರಲಿಲ್ಲ. ಈಗ ಮಂಜು ತುಂಬಿದ ಕಿಟಕಿಯ ಕೆಳಗೆ ಕೂತು ಅವಳಿಗೆ ಮೆಲ್ಲಗೆ ತಿಳಿಯಿತು. ಮೂರನೆಯ ಮಧ್ಯಾಹ್ನ, ಒಂಬತ್ತನೆಯ ದೀಪಸ್ತಂಭ ದಾಟಿದ್ದೇ ತನಗೆ ನಿದ್ದೆ ಹತ್ತಿತ್ತು, ಕಣ್ಣು ಬಿಟ್ಟಾಗ ಸಿನಿಮಾ ಮುಗಿದಿತ್ತು. ಕನಸೂ ಸಿನಿಮಾದ ಹಾಗೆ ಹೆಚ್ಚುಕಡಿಮೆ ಸದ್ದಿಲ್ಲದ್ದೇ. ಎರಡರ ನಡುವಿನ ಹೊಲಿಗೆ ಕಾಣಲಿಲ್ಲ.

“ಇಡೀ ಪತ್ರಿಕೆಯವರಿಗೆ ಸುಳ್ಳು ಬರೆದಿದ್ದೀನಿ ಗಗನ್” ಎಂದಳು, ಅವನು ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ.

ಪೂರ್ತಿ ಕೇಳಿ ಅವನು ನಕ್ಕ. ನಕ್ಕದ್ದು ತಪ್ಪಾಯಿತೆಂದು ಅವಳ ಮುಖ ನೋಡಿ ಗೊತ್ತಾಗಿ, “ಫೈಲ್ ಕರಪ್ಟ್ ಆಯ್ತು ಅನ್ನು. ಇಡೀ ನೋಯ್ಡಾ ನಡೀತಿರೋದೇ ಆ ಒಂದು ಮಾತಿನ ಮೇಲೆ” ಎಂದ.

“ಸುಳ್ಳು ಹೇಳು ಅಂತೀಯಾ?”

“ಈಗಾಗಲೇ ಹೇಳಿದ್ದೀನಿ ಅಂದ್ಯಲ್ಲ.”

“ಅದು ಸುಳ್ಳಲ್ಲ, ನಿದ್ದೆ. ಇದು ಸುಳ್ಳು. ಇನ್ಮೇಲೆ ನಾನು ಏನು ಬರೆದ್ರೂ, ಇದು ನೋಡಿದ್ದಾ ನಿದ್ದೆಗಣ್ಣಲ್ಲಿ ಕಂಡದ್ದಾ ಅಂತ ಕೇಳ್ತಾರೆ. ಅಂಕಣ ಹೋಗುತ್ತೆ. ನಾನು ಮತ್ತೆ ಇಂಚರಾ ಕೀ ಮಮ್ಮಿ.”

ಗಗನ್ ಶೂ ಬಿಚ್ಚಿ ಮೂಲೆಗಿಟ್ಟ. ಕೊನೆಗೆ, “ಮೊದಲು ಏಕನಾಥ ಸರ್‌ಗೆ ಹೇಳಿಬಿಡು” ಎಂದ. ಅವಳಿಗೂ ಅದು ಸರಿ ಅನ್ನಿಸಿತು.

ಮಾರನೆಯ ದಿನ ಫೋನು ಮಾಡಿದಳು. “ಸರ್, ಆ ಅಜ್ಜಿಯ ವಿಷಯ...” ಎಂದು ಬಾಯಿ ತೆಗೆಯುವಷ್ಟರಲ್ಲಿ ಏಕನಾಥರೇ ಶುರುಮಾಡಿದರು.

“ಅದನ್ನೇ ಯೋಚನೆ ಮಾಡ್ತಿದ್ದೆ ನೋಡಮ್ಮಾ. ನೀವು ಎಲ್ಲಾ ಬರೆದ್ರಿ, ಶಾಲಿನ ವಿಷಯ ಮಾತ್ರ ಬಿಟ್ಟುಬಿಟ್ರಿ.”

“ಯಾವ ಶಾಲು ಸರ್?”

“ಅಜ್ಜಿ ಹೊದ್ದಿದ್ದಾಳಲ್ಲ, ನೀಲಿ ಶಾಲು. ಅಂಚಿಗೆ ಸಣ್ಣ ಸಣ್ಣ ಬಿಳಿ ಹೂವು. ಎಣ್ಣೆ ಒತ್ತುವಾಗ ಒಂದು ಕಡೆ ಜಾರುತ್ತೆ, ಮೊಣಕೈಯಿಂದಲೇ ಮೇಲೆ ಎಳ್ಕೋತಾಳೆ. ಎಂಥಾ ಸೂಕ್ಷ್ಮ.”

ಧಾರಿಣಿಯ ಕೈಯಲ್ಲಿ ಫೋನು ಬೆಚ್ಚಗಾಯಿತು. ಅಜ್ಜಿ ಇಲ್ಲದಿದ್ದರೆ ಅವಳ ಶಾಲು ಎಲ್ಲಿಂದ ಬಂತು? ಹಾಗಾದರೆ ಎಲ್ಲೋ ಇರಬೇಕು, ತಾನೇ ಸರಿಯಾಗಿ ನೋಡಿಲ್ಲ. ಹೇಳಬೇಕೆಂದಿದ್ದನ್ನು ಹೇಳದೆ ಫೋನಿಟ್ಟು ಮಧ್ಯಾಹ್ನಕ್ಕೆ ಕಾದಳು. ಆ ದಿನ ಸಿನಿಮಾವನ್ನು ರೆಪ್ಪೆ ಬಡಿಯದೆ ನೋಡಿದಳು. ಕಣ್ಣು ಎಳೆದರೆ ತುಟಿ ಕಚ್ಚಿಕೊಂಡಳು. ಹತ್ತನೆಯ ದೀಪಸ್ತಂಭ. ಖಾಲಿ ಕೋಣೆ. ಗೋಡೆಯ ಮೇಲೆ ಒಂದು ಮೊಳೆ ಮಾತ್ರ ಇತ್ತು, ಶಾಲು ನೇತುಹಾಕಬಹುದಾದಂಥ ಒಂದು ಮೊಳೆ. ಸಿನಿಮಾವನ್ನು ಅಲ್ಲಿಗೇ ನಿಲ್ಲಿಸಿ, ಇಂಚರಾ ಏಳುವವರೆಗೂ ಅದನ್ನೇ ನೋಡುತ್ತಾ ಕೂತಳು.

ಶನಿವಾರವೂ ಮಂಜು ಸರಿದಿರಲಿಲ್ಲ. ಮೂವರೂ ಮೆಟ್ರೋ ಹತ್ತಿದರು. ಡೈಪರ್ ಚೀಲ ಗಗನ್ ಹೆಗಲಿಗೆ, ಮಗು ಧಾರಿಣಿಯ ಎದೆಗೆ, ಪೆನ್‌ಡ್ರೈವ್ ಕುರ್ತಾದ ಜೇಬಿನಲ್ಲಿ. ಅದರಲ್ಲಿದ್ದದ್ದು ಲಾವಣ್ಯಾಳ ಬಳಿ ಇರುವ ಸಿನಿಮಾವೇ. ರೈಲು ಯಮುನೆಯ ಮೇಲೆ ಹೋಗುವಾಗ ಕೆಳಗೆ ನದಿ ಕಾಣಲಿಲ್ಲ, ದಡ ಕಾಣಲಿಲ್ಲ. ಬೆಳ್ಳಗೆ ನಿಂತ ಏನೋ ಒಂದರ ಮೇಲೆ ಅವರು ತೇಲುತ್ತಿದ್ದರು. ಹಾಲಿನ ಹಾಗೆ ಎಂದು ತಾನೇ ಬರೆದದ್ದು ನೆನಪಾಗಿ ಧಾರಿಣಿ ಮುಖ ತಿರುಗಿಸಿಕೊಂಡಳು.

“ಸಿನಿಮಾ ಶುರುವಾಗೋಕೆ ಮುಂಚೆಯೇ ಹೇಳಿಬಿಡ್ತೀನಿ” ಎಂದಳು.

“ಹೇಳು.”

“ಮೂರು ಗಂಟೆ ಅಂದ್ರೆ ಇವಳ ನಿದ್ದೆ ಹೊತ್ತು. ಅಷ್ಟು ಜೋರು ಸದ್ದಲ್ಲಿ ಏನು ಗತಿಯೋ. ಕಿವಿಗೆ ಹತ್ತಿ ಇಡಬಹುದಾ?”

“ಧಾರಿಣಿ, ಒಂದು ಸಲಕ್ಕೆ ಒಂದು ಚಿಂತೆ ಸಾಕು.”

ಲಾವಣ್ಯಾಳ ಸಂಸ್ಥೆಯ ಸಭಾಕೋಣೆಯ ಬಾಗಿಲಿನಲ್ಲಿ ಕೈಬರಹದ ಪೋಸ್ಟರ್: ‘ಹನ್ನೊಂದು ದೀಪಸ್ತಂಭಗಳು. ಅಜ್ಜಿಯ ದೃಶ್ಯವಿರುವ ಅಪರೂಪದ ಪ್ರತಿ.’ ಒಳಗೆ ನಲವತ್ತಲ್ಲ, ಐವತ್ತರ ಮೇಲೆ ಜನ. ವಿದ್ಯಾರ್ಥಿಗಳು, ದ್ವಾರಕಾದಿಂದ ಬಂದ ಸಂಸಾರಗಳು, ಶಾಲು ಹೊದ್ದ ಹೆಂಗಸರ ಒಂದು ಇಡೀ ಸಾಲು. ಮುಂದಿನ ಸಾಲಿನಲ್ಲಿ ಮಫ್ಲರ್ ಸುತ್ತಿಕೊಂಡು, ತೊಡೆಯ ಮೇಲೆ ಕಾಫಿಯ ಫ್ಲಾಸ್ಕ್ ಇಟ್ಟುಕೊಂಡು ಏಕನಾಥರು. ಪಕ್ಕದವರಿಗೆ ಮೊಣಕೈ ಎತ್ತಿ ಏನೋ ತೋರಿಸುತ್ತಿದ್ದರು. ಶಾಲು ಎಳೆದುಕೊಳ್ಳುವ ಬಗೆ ಎಂದು ಅವಳಿಗೆ ದೂರದಿಂದಲೇ ತಿಳಿಯಿತು.

ಧಾರಿಣಿ ಎದ್ದು ನಿಂತು ಎರಡು ಮಾತಾಡಿದಳು. “ಈ ಸಿನಿಮಾದಲ್ಲಿ ಒಬ್ಬ ಹುಡುಗಿ ಹನ್ನೊಂದು ಸಲ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ನಮ್ಮ ಸೊಸೈಟಿಯಲ್ಲಿ ಲಿಫ್ಟ್ ಕೆಟ್ಟಾಗ ನಾನೂ ಅಷ್ಟೇ ಸಲ ಹತ್ತಿ ಇಳೀತೀನಿ. ನನ್ನ ಬಗ್ಗೆ ಯಾರೂ ಸಿನಿಮಾ ಮಾಡಿಲ್ಲ.” ಜನ ನಕ್ಕರು. ಇನ್ನು ಹೇಳಬೇಕಾದದ್ದು ಒಂದೇ ಉಳಿದಿತ್ತು. ಏಕನಾಥರ ಮುಖ ನೋಡಿದಳು. ತಾನು ಈಗ ಬಾಯಿಬಿಟ್ಟರೆ ಮೊದಲು ಮುಖಭಂಗವಾಗುವುದು ಅವರಿಗೆ. “ನೋಡಿ” ಎಂದಷ್ಟೇ ಹೇಳಿ ಕೂತುಬಿಟ್ಟಳು.

ದೀಪಗಳು ಆರಿದವು. ಮತ್ತು ಅವಳು ಮೊಟ್ಟಮೊದಲ ಸಲ ಆ ಸಿನಿಮಾವನ್ನು ಕೇಳಿದಳು.

ಸಮುದ್ರಕ್ಕೆ ಸದ್ದಿತ್ತು. ಸೈಕಲ್ಲಿನ ಸರಪಳಿ ಕಿರ್ ಕಿರ್ ಎನ್ನುತ್ತಿತ್ತು. ಹುಡುಗಿಯ ದನಿ ಅವಳು ಅಂದುಕೊಂಡಂತೆ ತೆಳ್ಳಗಿರಲಿಲ್ಲ. ಶೀತವಾದವರ ಹಾಗೆ ಒಡಕು ಒಡಕಾಗಿತ್ತು. ಎಲ್ಲೋ ದೂರದಲ್ಲಿ, ಆ ಕರಾವಳಿಗೆ ಬಾರದೆ ಹಾದುಹೋಗುವ ಹಡಗಿನ ಕೊಂಬು ಮೊಳಗಿ ಸಭಾಕೋಣೆಯ ಕಿಟಕಿಯ ಗಾಜು ಅದುರಿದಾಗ ಧಾರಿಣಿ ಬೆಚ್ಚಿ ತೋಳಿನತ್ತ ನೋಡಿದಳು. ಇಂಚರಾ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದು, ಎರಡೂ ಕೈ ಮೇಲೆ ಚಾಚಿ, ಜೀವಮಾನದಲ್ಲೇ ಇಂಥ ಸುಖದ ಜಾಗ ಸಿಕ್ಕಿರಲಿಲ್ಲ ಎನ್ನುವ ಹಾಗೆ. ಕೊಂಬು ಮತ್ತೊಮ್ಮೆ ಮೊಳಗಿತು. ಮಗು ನಿದ್ದೆಯಲ್ಲೇ ನಿಟ್ಟುಸಿರಿಟ್ಟು ಇನ್ನೂ ಆಳಕ್ಕೆ ಇಳಿಯಿತು. ಹದಿನಾಲ್ಕು ತಿಂಗಳು ಫ್ರಿಜ್ಜಿನ ಬಾಗಿಲಿಗೆ ಅಡ್ಡ ಇಟ್ಟ ತನ್ನ ಬೆರಳುಗಳನ್ನು ಧಾರಿಣಿ ಕತ್ತಲಲ್ಲಿ ನೋಡಿಕೊಂಡಳು.

ಒಂಬತ್ತನೆಯ ದೀಪಸ್ತಂಭ ಆದ ಮೇಲೆ ಕೋಣೆಯಲ್ಲಿ ಜನ ನೆಟ್ಟಗೆ ಕೂತದ್ದು ಗೊತ್ತಾಯಿತು. ಶಾಲುಗಳ ಸರಬರ. ಹತ್ತನೆಯದು ಬಂತು. ಹುಡುಗಿ ಹತ್ತಿದಳು. ಖಾಲಿ ಕೋಣೆ, ಉರಿಯುವ ದೀಪ, ಮೊಳೆ. ದೀಪ ಆರಿತು. ಹುಡುಗಿ ಇಳಿಯತೊಡಗಿದಳು.

“ಅಜ್ಜಿ ಎಲ್ಲಿ?” ಎಂದಿತು ಒಂದು ಹೆಣ್ಣುದನಿ ಹಿಂದಿನಿಂದ.

“ಲಾವಣ್ಯಾ, ಸ್ವಲ್ಪ ನಿಲ್ಲಿಸ್ತೀಯಾ? ಆ ಖಾಲಿ ಕೋಣೆಗೆ ವಾಪಸ್ ಹೋಗು” ಎಂದಳು ಧಾರಿಣಿ. ಮಗುವನ್ನು ಎತ್ತಿಕೊಂಡೇ ಪರದೆಯ ಪಕ್ಕಕ್ಕೆ ಹೋಗಿ ನಿಂತಳು. ಪ್ರೊಜೆಕ್ಟರಿನ ಬೆಳಕಿನಲ್ಲಿ ದೀಪಸ್ತಂಭದ ಗೋಡೆ ಅವಳ ಅರ್ಧ ಮುಖದ ಮೇಲೆ ಬಿತ್ತು.

“ಅಜ್ಜಿ ಇಲ್ಲ. ನನ್ನ ಪ್ರತಿಯಲ್ಲೂ ಇಲ್ಲ, ಯಾವ ಪ್ರತಿಯಲ್ಲೂ ಇಲ್ಲ. ಈ ಜಾಗಕ್ಕೆ ಬಂದಾಗ ನನಗೆ ನಿದ್ದೆ ಬಂದುಬಿಟ್ಟಿತ್ತು. ಮಗುವಿಗೆ ಹಲ್ಲು ಬರ್ತಿತ್ತು, ನಾಲ್ಕು ದಿನದಿಂದ ಮಲಗಿರಲಿಲ್ಲ. ಕನಸಲ್ಲಿ ಕಂಡದ್ದನ್ನ ಸಿನಿಮಾ ಅಂತ ಬರೆದೆ. ಬರೆಯುವಾಗ ಗೊತ್ತಿರಲಿಲ್ಲ. ಗೊತ್ತಾಗಿ ಒಂದು ವಾರವಾಯ್ತು, ಹೇಳಲಿಲ್ಲ. ಅದು ನನ್ನ ತಪ್ಪು.”

ವಿದ್ಯಾರ್ಥಿಗಳ ಸಾಲಿನಲ್ಲಿ ಯಾರೋ, “ಹರಳೆಣ್ಣೆ ಅಂದಾಗಲೇ ನಾನು ಹೇಳಿದ್ನಲ್ಲೋ” ಎಂದದ್ದು ಕೇಳಿಸಿ ಒಂದಿಬ್ಬರು ಕಿಸಕ್ಕೆಂದರು. ಧಾರಿಣಿಯ ಕಣ್ಣು ಮುಂದಿನ ಸಾಲಿನತ್ತ ಹೋಗಲು ಹೆದರುತ್ತಿತ್ತು. ಅಲ್ಲಿಂದಲೇ ಕುರ್ಚಿ ಸರಿಸಿದ ಸದ್ದಾಯಿತು. ಏಕನಾಥರು ಎದ್ದು ನಿಂತಿದ್ದರು. ಫ್ಲಾಸ್ಕ್ ಕೈಯಲ್ಲೇ ಇತ್ತು.

“ಸಂಪಾದಕನೂ ಒಂದು ಹೇಳಿಕೆ ಕೊಡಬೇಕು” ಎಂದರು. “ನಾನು ಈ ಚಿತ್ರವನ್ನ ಹನ್ನೆರಡು ನಿಮಿಷ ನೋಡಿದೆ. ಮೊದಲನೇ ದೀಪಸ್ತಂಭದಲ್ಲೇ ನಿದ್ದೆ ಬಂತು. ಉಳಿದದ್ದೆಲ್ಲಾ ಧಾರಿಣಿಯವರ ಬರಹದಲ್ಲೇ ನೋಡಿದ್ದು. ಏಳೆಂಟು ಸಲ ಓದಿದೆ. ಓದ್ತಾ ಓದ್ತಾ ನೋಡಿದೀನಿ ಅಂತಲೇ ಆಗಿಹೋಯ್ತು.”

“ಮತ್ತೆ ಆ ನೀಲಿ ಶಾಲು ಸರ್?” ಧಾರಿಣಿ ಕೇಳಿದಳು.

ಅವರು ಮಫ್ಲರಿನ ತುದಿಯನ್ನು ಸರಿಮಾಡಿಕೊಂಡರು. “ಅದು ರತ್ನಾಳದು. ನಮ್ಮ ಮನೆಯವರದು. ಹೋಗಿ ಆರು ವರ್ಷ ಆಯ್ತು.”

ಶಾಲುಗಳ ಸಾಲಿನಿಂದ ಒಬ್ಬ ಹಿರಿಯ ಹೆಂಗಸು, ಸಮಾಧಾನಕ್ಕೂ ಅಲ್ಲ ಜಗಳಕ್ಕೂ ಅಲ್ಲ ಎಂಬ ದನಿಯಲ್ಲಿ, “ಗುರುಗ್ರಾಮದಿಂದ ಆಟೋ ಹಿಡಿದು, ಮೆಟ್ರೋ ಹಿಡಿದು ಬಂದಿದ್ದೀವಮ್ಮಾ, ಅಜ್ಜಿ ನೋಡೋಕೆ. ಇಲ್ಲ ಅಂದ್ರೆ ಹೇಗೆ? ನೀನೇ ಹೇಳು. ಕೋಣೆ ಅಂತೂ ಖಾಲಿ ಇದೆ” ಎಂದರು.

ಧಾರಿಣಿ ಹೇಳಿದಳು. ಬರೆದದ್ದನ್ನಲ್ಲ, ಕಂಡದ್ದನ್ನು. ಅಜ್ಜಿಯ ಕಾಲಿಗೆ ಚಪ್ಪಲಿ ಇರಲಿಲ್ಲ. ಸೌಟಿನ ಹಿಡಿ ಎಡಕ್ಕೆ ಸೊಟ್ಟ. ಮೆಣಸು ಎಣ್ಣೆಯಲ್ಲಿ ಚಿಟ್ ಎಂದಿತು, ಕನಸಿನಲ್ಲಿ ಅದೊಂದೇ ಸದ್ದು. ಅಂಗೈ ನೆತ್ತಿಯ ಮೇಲೆ ಬಿದ್ದಾಗ ಎಷ್ಟು ಭಾರ, ಎಷ್ಟು ಬೆಚ್ಚಗೆ. ಹೇಳುತ್ತಾ ಹೇಳುತ್ತಾ ಅವಳ ಬಲಗೈ ಇಂಚರಾಳ ತಲೆಯನ್ನು ತಟ್ಟತೊಡಗಿತ್ತು. ಕೊನೆಯ ಮಾತಿನ ಹತ್ತಿರ ಬಂದು ಅವಳು ನಿಲ್ಲಿಸಿದಳು. ಶಾಲುಗಳ ಸಾಲಿನಲ್ಲಿ ನಾಲ್ಕೈದು ದನಿಗಳು, ಒಟ್ಟಿಗೂ ಅಲ್ಲ, ಒಂದರ ಹಿಂದೆ ಒಂದು, ಮೆಲ್ಲಗೆ ಅದನ್ನು ಹೇಳಿದವು.

ಲಾವಣ್ಯಾ ಸಿನಿಮಾ ಮುಂದುವರಿಸಿದಳು. ಹುಡುಗಿ ಮೆಟ್ಟಿಲು ಇಳಿದು ಸೈಕಲ್ ಹತ್ತಿ ಹನ್ನೊಂದನೆಯದರ ಕಡೆಗೆ ಹೊರಟಳು.

ಫೆಬ್ರವರಿಯ ‘ಯಮುನೆಯಾಚೆ’ಯಲ್ಲಿ ‘ದನಿ ಇಲ್ಲದೆ ನೋಡಿದ್ದು’ ಅಂಕಣದ ಜಾಗದಲ್ಲಿ ಒಂದು ತಿದ್ದುಪಡಿ ಬಂತು:

‘ಕಳೆದ ಸಂಚಿಕೆಯಲ್ಲಿ ನಾನು ವಿವರಿಸಿದ ಅಜ್ಜಿ ಸದರಿ ಸಿನಿಮಾದಲ್ಲಿ ಇಲ್ಲ. ಆಕೆ ಇಲ್ಲದೆಯೂ ಸಿನಿಮಾ ಚೆನ್ನಾಗಿದೆ. ಈ ಸಲ ದನಿ ಹಾಕಿ ನೋಡಿದೆ. ನಾಯಕಿಗೆ ಶೀತವಾಗಿದೆ, ಒಬ್ಬರೂ ಕಷಾಯ ಮಾಡಿಕೊಡುವುದಿಲ್ಲ. ಹಡಗಿನ ಕೊಂಬು ಬಹಳ ಜೋರಾಗಿದೆ, ಮಕ್ಕಳನ್ನು ಮಲಗಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹನ್ನೊಂದನೆಯ ದೀಪಸ್ತಂಭದ ಬಗ್ಗೆ ಏನೂ ಹೇಳಲಾರೆ. ಆ ಹೊತ್ತಿಗೆ ಸರಿಯಾಗಿ ಮಗು ಎದ್ದಿತು, ಡೈಪರ್ ಬದಲಾಯಿಸಲು ಹೊರಗೆ ಹೋಗಿದ್ದೆ. ಹುಡುಗಿ ಕೊನೆಯ ದೀಪವನ್ನು ಆರಿಸದೆ ಹಾಗೇ ಬಿಟ್ಟಳು ಎಂದು ನನ್ನ ಗಂಡ ಹೇಳುತ್ತಾನೆ. ಅವನು ಎಚ್ಚರವಾಗಿದ್ದ ಎನ್ನುವುದಕ್ಕೆ ನನ್ನ ಬಳಿ ಸಾಕ್ಷಿಯಿಲ್ಲ. – ಧಾರಿಣಿ.’

ಅದರ ಕೆಳಗೆ, ಪತ್ರಿಕೆಯ ಹನ್ನೆರಡು ವರ್ಷಗಳಲ್ಲಿ ಮೊದಲ ಸಲ, ‘ಪರಿಶೀಲಿಸಲಾಗಿಲ್ಲ – ಏ.’ ಎಂದಿತ್ತು.